ಟೊಮೆಟೊ ಬಾಕ್ಸಿಗೆ 2,000 ಆದಾಗ ಕ್ಯಾಮೆರಾ ಬಂತು, 100 ಆದಾಗ ಯಾಕೆ ಬರಲಿಲ್ಲ?

ಕೆಂಪುಮಣ್ಣು (ಚರ್ಚೆ ಶುರು ಮಾಡಿದವರು)

ನಾನು ಕೋಲಾರದ ಕಡೆಯವನು. ಒಂದೂವರೆ ಎಕರೆ ಟೊಮೆಟೊ, ಮಿಕ್ಕಿದ್ದಕ್ಕೆ ರಾಗಿ, ಎರಡು ಸೀಮೆಹಸು. ತುಂಬಾ ದಿನದಿಂದ ತಲೆ ಕೊರೀತಿರೋ ಒಂದು ವಿಷಯ ಇಲ್ಲಿ ಇಡ್ತಿದ್ದೀನಿ. ಓದಿದವರು ಇದ್ದೀರಿ, ತಿಳಿಸಿ ಹೇಳಿ.

2023ರ ಜುಲೈ ನೆನಪಿದೆ ಅಲ್ವಾ? ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ದಾಟಿತು. ಮಾರ್ಕೆಟ್ ಗೇಟಲ್ಲಿ ಸಾಲಾಗಿ ಟಿವಿ ವ್ಯಾನುಗಳು. ಪಕ್ಕದ ಹಳ್ಳಿಯ ಒಬ್ಬರ ತೋಟಕ್ಕೆ ಹೋಗಿ "ಟೊಮೆಟೊ ಕುಬೇರ" ಅಂತ ತೋರಿಸಿದರು. ಆತ ಆ ದುಡ್ಡಲ್ಲಿ ಹಿಂದಿನ ಎರಡು ಬೆಳೆ ಸಾಲ ತೀರಿಸಿದ, ಅಷ್ಟೇ. ಅದನ್ನ ಯಾರೂ ಕೇಳಲಿಲ್ಲ. ಹಾಸನ ಜಿಲ್ಲೆಯಲ್ಲಿ ಯಾರದೋ ಹೊಲಕ್ಕೆ ನುಗ್ಗಿ ಟೊಮೆಟೊ ಕಿತ್ತುಕೊಂಡು ಹೋಗಿದ್ದು, ಬೆಂಗಳೂರಲ್ಲಿ ಟೊಮೆಟೊ ತುಂಬಿದ ಗಾಡಿಯನ್ನೇ ಹೊಡ್ಕೊಂಡು ಹೋಗಿದ್ದು, ಎರಡೂ ದೇಶದ ಸುದ್ದಿ ಆಯ್ತು. ಮೈಕ್ ಹಿಡಿದ ಒಬ್ಬ ಹುಡುಗ ನನ್ನನ್ನೂ ನಿಲ್ಲಿಸಿ "ಸರ್, ಹೇಗನ್ನಿಸ್ತಿದೆ?" ಅಂದ. ಎಲೆ ಮುರುಟು ರೋಗಕ್ಕೆ ನನ್ನ ತೋಟ ಮುಕ್ಕಾಲು ಹೋಗಿತ್ತು. ಹಾಗಂತಲೇ ಹೇಳಿದೆ. ರಾತ್ರಿ ಮನೆಯವರೆಲ್ಲ ಟಿವಿ ಮುಂದೆ ಕೂತು ಕಾದೆವು, ಬರಲಿಲ್ಲ.

ಆ ಬೆಲೆ ನೋಡಿ ಊರಿಗೆ ಊರೇ ಟೊಮೆಟೊ ನಾರು (ಸಸಿ) ಹಾಕಿತು. ನಾನೂ ಹಾಕಿದೆ, ಸುಳ್ಳು ಹೇಳಲ್ಲ. ಸೆಪ್ಟೆಂಬರಲ್ಲಿ ಮಾಲು ಬಂದಾಗ ನನಗೆ ಸಿಕ್ಕಿದ್ದು ಬಾಕ್ಸಿಗೆ 110, ಒಂದು ದಿನ 90. ಕೀಳೋ ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಕಳೆದು ಕೈಗೆ ಬಂದಿದ್ದರಲ್ಲಿ ಔಷಧಿ ಅಂಗಡಿ ಬಾಕಿಯೂ ತೀರಲಿಲ್ಲ. ಕೊನೆಯ ಎರಡು ಕಟಾವು ಕೀಳಿಸಲೇ ಇಲ್ಲ, ಹಸು ಬಿಟ್ಟೆ. ಆಗ ಗೇಟಲ್ಲಿ ಒಂದು ವ್ಯಾನೂ ಇರಲಿಲ್ಲ.

ನಾನು ಗೋಳು ಹೇಳಿಕೊಳ್ಳೋಕೆ ಬರೀತಿಲ್ಲ. ಅದೇ ಹಣ್ಣು, ಅದೇ ಮಾರ್ಕೆಟ್ಟು, ಎರಡು ತಿಂಗಳ ವ್ಯತ್ಯಾಸ. ಒಂದು "ಬೆಲೆ ಬಿಕ್ಕಟ್ಟು", ಇನ್ನೊಂದು ಏನೂ ಅಲ್ಲ. ಯಾವುದು ದೇಶದ ಆರ್ಥಿಕ ಸಮಸ್ಯೆ ಅಂತ ತೀರ್ಮಾನ ಮಾಡೋದು ಯಾರು? ಟಿವಿಯವರಾ, ರಾಜಕಾರಣಿಗಳಾ, ನೋಡೋ ಜನರಾ?

ಎರಡೂಕಡೆ_ಬೇಡ

ಮೂರೂ ಜನ ಸೇರಿಕೊಂಡೇ. ಚರ್ಚೆ ಮುಗೀತು 😀

ಹಳೇಬೈಟು

ಮುಗಿಯಲಿಲ್ಲ, ಇರಿ. ಆ ಮೈಕ್ ಹಿಡಿದ ಹುಡುಗನ ಕೆಲಸವನ್ನೇ ನಾನು ಒಂಬತ್ತು ವರ್ಷ ಮಾಡಿದ್ದೀನಿ. ಚಾನೆಲ್ ಹೆಸರು ಬೇಡ, ಈಗ ಅಲ್ಲಿಲ್ಲ.

ಅಣ್ಣಾ, ನಿಮ್ಮ ಬೈಟ್, ಅಂದ್ರೆ ನೀವು ಮೈಕಿಗೆ ಹೇಳಿದ ಮಾತು, ಯಾಕೆ ಹೋಗಲಿಲ್ಲ ಅಂತ ಹೇಳ್ತೀನಿ. ಬೆಳಗಿನ ಮೀಟಿಂಗಲ್ಲೇ ಸ್ಟೋರಿ ಬರೆದಾಗಿರುತ್ತೆ: "ಟೊಮೆಟೊ ಚಿನ್ನ, ರೈತ ಖುಷ್, ಗೃಹಿಣಿ ಸುಸ್ತು." ವರದಿಗಾರ ಹೊರಗೆ ಹೋಗೋದು ಆ ಮೂರು ಖಾನೆ ತುಂಬೋಕೆ. ಖುಷ್ ರೈತ ಒಬ್ಬ, ಸುಸ್ತಾದ ಗೃಹಿಣಿ ಒಬ್ಬರು, ಮಾರೋನು ಒಬ್ಬ, ಕೊನೆಗೆ ಒಬ್ಬ ರಾಜಕಾರಣಿ. ನೀವು "ತೋಟ ರೋಗಕ್ಕೆ ಹೋಯ್ತು" ಅಂದ್ರಿ. ಯಾವ ಖಾನೆಗೂ ಕೂರಲಿಲ್ಲ. ತಮಾಷೆ ಅಂದ್ರೆ ಬೆಲೆ ಯಾಕೆ ಏರಿತು ಅನ್ನೋದಕ್ಕೆ ಇಡೀ ಸ್ಟೋರಿಯಲ್ಲಿ ಇದ್ದ ಒಂದೇ ಒಂದು ಉತ್ತರ ನಿಮ್ಮದು.

ಬೆಲೆ ಏರಿದಾಗ ಪ್ರತಿ ಬೀದಿಯಲ್ಲೂ ದೃಶ್ಯ ಸಿಗುತ್ತೆ. ಕಚೇರಿಯಿಂದ ಇಳಿದು ಎದುರಿನ ತಳ್ಳುಗಾಡಿಗೆ ಹೋದರೆ ಸಾಕು. ಬಿದ್ದಾಗ ಅರವತ್ತು ಎಪ್ಪತ್ತು ಕಿಲೋಮೀಟರ್ ಹೋಗಬೇಕು, ಹೋದರೂ ತೋರಿಸೋಕೆ ಏನಿದೆ? ಸುಮ್ಮನೆ ನಿಂತ ಮನುಷ್ಯ. "ರಸ್ತೆಗೆ ಸುರಿದ್ರಾ? ಸುರಿದ್ರೆ ಹೇಳು" ಅಂತ ಡೆಸ್ಕಿಂದ ಫೋನ್ ಬರೋದು. ತಪ್ಪೊಪ್ಪಿಗೆ ಅಂದುಕೊಳ್ಳಿ: ನಾನೇ ಒಮ್ಮೆ ಒಬ್ಬ ಹಿರಿಯರಿಗೆ "ಒಂದೆರಡು ಬಾಕ್ಸ್ ಸುರಿದುಬಿಡಿ ಅಣ್ಣ, ಸರ್ಕಾರಕ್ಕೆ ಮುಟ್ಟುತ್ತೆ" ಅಂದಿದ್ದೆ. ಅವರು ಸುರಿದರು. ಕ್ಯಾಮೆರಾ ಆಫ್ ಆದಮೇಲೆ ಚೆನ್ನಾಗಿದ್ದ ಹಣ್ಣನ್ನ ಒಂದೊಂದೇ ಆರಿಸಿ ವಾಪಸ್ ಬಾಕ್ಸಿಗೆ ತುಂಬಿದರು. ಅದನ್ನ ನಾನು ಚಿತ್ರೀಕರಿಸಲಿಲ್ಲ.

ಇನ್ನೊಂದು, ಭಾಷೆ ನೋಡಿ. ಏರಿಕೆಗೆ ನಮ್ಮ ಹತ್ತಿರ ಎಷ್ಟು ಮಾತಿದೆ: ಗಗನಕ್ಕೇರಿತು, ಜೇಬಿಗೆ ಕತ್ತರಿ, ಕೈ ಸುಟ್ಟಿತು, ಕಣ್ಣೀರು ತರಿಸಿದ ಈರುಳ್ಳಿ, ಶತಕ ಬಾರಿಸಿದ ಟೊಮೆಟೊ. ಇಳಿಕೆಗೆ? "ಕುಸಿತ". ಅಷ್ಟೇ, ಒಂದು ಮಾತು. ಶತಕ ಅನ್ನೋದೇ ನೋಡಿ, 96 ಆದಾಗ ಸುದ್ದಿಯಿಲ್ಲ, 100 ಆದಾಗ ಅದು ಕ್ರಿಕೆಟ್. 2021ರ ಜೂನಲ್ಲಿ ಬೆಂಗಳೂರಲ್ಲಿ ಪೆಟ್ರೋಲ್ ನೂರು ಮುಟ್ಟಿದಾಗಲೂ ಇದೇ ಗ್ರಾಫಿಕ್ಸು.

ಮೂರನೇಮಹಡಿ

ಆ "ಸುಸ್ತಾದ ಗೃಹಿಣಿ" ನಾನೇ ಅಂದುಕೊಳ್ಳಿ. ಬೆಂಗಳೂರು, ಬಾಡಿಗೆ ಮನೆ, ಇಬ್ಬರು ಮಕ್ಕಳು, ನಾನೂ ಕೆಲಸಕ್ಕೆ ಹೋಗ್ತೀನಿ.

ಕೆಂಪುಮಣ್ಣು ಅವರೇ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದರೆ ಪಟ್ಟಣದವರನ್ನ ಖಳರನ್ನಾಗಿ ಮಾಡಬೇಡಿ. ಟೊಮೆಟೊ 120 ಆದಾಗ ನಾನು ಎರಡು ವಾರ ಹುಣಸೆಹಣ್ಣಲ್ಲಿ ಸಾರು ಮಾಡಿದೆ, ಮುಗೀತು. ನನಗೆ ಅದು ಸಮಸ್ಯೆಯೇ ಆಗಿರಲಿಲ್ಲ. ಆದರೆ ನಮ್ಮ ಮನೆ ಕೆಲಸಕ್ಕೆ ಬರೋ ಅಕ್ಕನಿಗೆ ಆಗಿತ್ತು. ಅವರ ಹತ್ತಿರ ಮೈಕ್ ಹಿಡಿದು ಯಾರೂ ಹೋಗಿರಲಿಲ್ಲ, ಅದು ಬೇರೆ ಮಾತು.

ನಾನು ಖರ್ಚಿನ ಲೆಕ್ಕ ಬರೆದಿಡ್ತೀನಿ, ಅಮ್ಮ ಕಲಿಸಿದ ಅಭ್ಯಾಸ. ಈ ಚರ್ಚೆ ನೋಡಿ 2023ರ ಪುಸ್ತಕ ತೆಗೆದೆ. ಜುಲೈ ತಿಂಗಳಲ್ಲಿ ಟೊಮೆಟೊಗೆ ಹಿಂದಿನ ತಿಂಗಳಿಗಿಂತ ಹೆಚ್ಚು ಹೋಗಿದ್ದು 260 ರೂಪಾಯಿ. ಅದೇ ವರ್ಷ ಮನೆ ಬಾಡಿಗೆ 14,500ರಿಂದ 17,000 ಆಯ್ತು, ಪ್ರತಿ ತಿಂಗಳೂ. ಶಾಲೆ ಫೀಸು ಇಬ್ಬರಿಗೂ ಸೇರಿ ವರ್ಷಕ್ಕೆ 22,000 ಏರಿತು. ಬಾಡಿಗೆ ಬಗ್ಗೆ ನಾನು ಮಾತಾಡಿದ್ದು ನನ್ನ ಗಂಡನ ಹತ್ತಿರ ಮಾತ್ರ. ಟೊಮೆಟೊ ಬಗ್ಗೆ ಲಿಫ್ಟಲ್ಲಿ, ಆಫೀಸಲ್ಲಿ, ಆಟೋದಲ್ಲಿ, ಊರಿಗೆ ಫೋನ್ ಮಾಡಿದಾಗ, ಎಲ್ಲಾ ಕಡೆ ಮಾತಾಡಿದ್ದೀನಿ. ನನಗೇ ನಾಚಿಕೆ ಆಯ್ತು ಸ್ವಲ್ಪ.

ಯಾಕೆ ಅಂತ ಯೋಚಿಸಿದೆ. ಬಾಡಿಗೆ ವರ್ಷಕ್ಕೊಮ್ಮೆ ಏರುತ್ತೆ, ಮನೆ ಓನರ್ ಮುಖ ನೋಡಿ "ಆಯ್ತು ಸರ್" ಅಂತೀವಿ, ಅಲ್ಲಿಗೆ ಅದು ನಮ್ಮ ಖಾಸಗಿ ಸೋಲು. ಟೊಮೆಟೊ ದಿನಾ ಕೊಳ್ತೀವಿ, ದಿನಾ ಹಲಗೆ ಮೇಲೆ ರೇಟ್ ಕಾಣುತ್ತೆ, ಎಲ್ಲರಿಗೂ ಒಂದೇ ರೇಟು. ಬೈಯೋಕೆ ಜೊತೆ ಸಿಗುತ್ತೆ.

ಶೇಕಡಾ_ಮೇಷ್ಟ್ರು

ತಾಯಿ, ನೀವು ಒಂದು ಪ್ಯಾರಾದಲ್ಲಿ ಹೇಳಿದ್ದನ್ನು ನಾನು ತರಗತಿಯಲ್ಲಿ ಒಂದು ವಾರ ಹೇಳಿದರೂ ಮಕ್ಕಳಿಗೆ ಹತ್ತುತ್ತಿರಲಿಲ್ಲ. ರಿಸರ್ವ್ ಬ್ಯಾಂಕು ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಮನೆಮನೆಗೆ ಹೋಗಿ "ಈಗ ಬೆಲೆ ಏರಿಕೆ ಎಷ್ಟಿದೆ ಅನ್ನಿಸುತ್ತೆ?" ಎಂದು ಕೇಳುತ್ತದೆ. ಜನ ಹೇಳುವ ಸಂಖ್ಯೆ ಸಾಮಾನ್ಯವಾಗಿ ಅಧಿಕೃತ ಹಣದುಬ್ಬರಕ್ಕಿಂತ ಮೇಲೇ ಇರುತ್ತದೆ. ಜನ ಸುಳ್ಳು ಹೇಳುತ್ತಿಲ್ಲ. ದಿನಾ ಕಾಣುವುದು ಮನಸ್ಸಿನಲ್ಲಿ ದೊಡ್ಡದಾಗಿ ಕೂರುತ್ತದೆ.

ಈಗ ನನ್ನ ಚಟ, ಲೆಕ್ಕ. 2023ರ ಜುಲೈನಲ್ಲಿ ಗ್ರಾಹಕ ಬೆಲೆ ಹಣದುಬ್ಬರ 7.44%ಗೆ ಏರಿತು, 15 ತಿಂಗಳಲ್ಲೇ ಹೆಚ್ಚು. ಅದರ ಹಿಂದಿನ ವರ್ಷಕ್ಕೆ ಹೋಲಿಸಿದರೆ ಟೊಮೆಟೊ ಒಂದೇ 200%ಗೂ ಮೇಲೆ ಏರಿತ್ತು. ಆಗಿನ ಸೂಚ್ಯಂಕದಲ್ಲಿ ಟೊಮೆಟೊಗೆ ಇದ್ದ ತೂಕ, ಅಂದರೆ ಮನೆ ಖರ್ಚಿನಲ್ಲಿ ಅದರ ಪಾಲು, 0.57%. ಒರಟಾಗಿ ಗುಣಿಸಿದರೆ ಒಟ್ಟು ಏರಿಕೆಗೆ ಅದರ ಪಾಲು ಒಂದಕ್ಕಿಂತ ಸ್ವಲ್ಪ ಹೆಚ್ಚು ಶೇಕಡಾ ಅಂಶ.

ಅದೇ ತಿಂಗಳು ಅಕ್ಕಿ, ಗೋಧಿ ಮುಂತಾದ ಧಾನ್ಯಗಳ ಏರಿಕೆ 13.04%. ತೂಕ 9.67%. ಗುಣಿಸಿ ನೋಡಿ, 1.26. ಅಂದರೆ ಟೊಮೆಟೊಗೆ ಸರಿಸಮ, ಬಹುಶಃ ಒಂದು ಕೂದಲು ಹೆಚ್ಚು. (ಇದು ಹಾಳೆಯ ಹಿಂಬದಿಯ ಲೆಕ್ಕ, ಪಕ್ಕಾ ಲೆಕ್ಕದಲ್ಲಿ ದಶಾಂಶಗಳು ಸ್ವಲ್ಪ ಅಲ್ಲಾಡುತ್ತವೆ.) ವ್ಯತ್ಯಾಸ ಏನೆಂದರೆ ಟೊಮೆಟೊ ಒಂದೆರಡು ತಿಂಗಳು ಹಾರಿ ಬಿತ್ತು. ಧಾನ್ಯದ ಏರಿಕೆ ಎರಡಂಕಿಯಲ್ಲಿ ಕೂತಿದ್ದು 2022ರ ಸೆಪ್ಟೆಂಬರಿನಿಂದ, ಒಂದು ವರ್ಷಕ್ಕೂ ಮೀರಿ. ಸೋನಾ ಮಸೂರಿ ಕೆಜಿಗೆ ತಿಂಗಳಿಗೊಂದು ರೂಪಾಯಿ ಜಾಸ್ತಿ ಆಗುತ್ತಾ ಹೋಯಿತು. ಯಾವ ಚಾನೆಲ್ಲಿನಲ್ಲಿ "ಅಕ್ಕಿ ಶತಕ" ನೋಡಿದಿರಿ? ಅಂಗಡಿಯವನು 25 ಕೆಜಿ ಮೂಟೆ ಇಳಿಸಿ ಬಿಲ್ ಕೊಟ್ಟಾಗ ಒಂದು ಸಲ ಹುಬ್ಬೇರಿಸಿದ್ದು ಬಿಟ್ಟರೆ ನಾವೂ ಸುಮ್ಮನಿದ್ದೆವು.

ಎರಡೂಕಡೆ_ಬೇಡ

ಮೇಷ್ಟ್ರೇ, ಅಕ್ಕಿ ಸುದ್ದಿ ಆಗಲಿಲ್ಲ ಅಂದ್ರೆ ಹೇಗೆ? ಅನ್ನಭಾಗ್ಯದ ಗಲಾಟೆ ತಿಂಗಳುಗಟ್ಟಲೆ ನಡೀತಲ್ಲ.

ಶೇಕಡಾ_ಮೇಷ್ಟ್ರು

ಒಳ್ಳೆಯ ಅಡ್ಡ ಪ್ರಶ್ನೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಇಲ್ಲಿ ಹೊಸ ಸರ್ಕಾರ ಹೆಚ್ಚುವರಿ 5 ಕೆಜಿ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು. ಅಕ್ಕಿ ಸಿಗದೆ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಸುದ್ದಿಯೇನೋ ಆಯಿತು. ಆದರೆ ಯಾವ ಸುದ್ದಿ? ಯಾರು ಯಾರಿಗೆ ಕೈ ಕೊಟ್ಟರು, ಯಾರು ದ್ವೇಷದ ರಾಜಕಾರಣ ಮಾಡಿದರು ಎನ್ನುವುದು. ಅಂಗಡಿಯಲ್ಲಿ ಅಕ್ಕಿ ಎಷ್ಟು, 34 ರೂಪಾಯಿಗೆ ಅಂಥ ಅಕ್ಕಿ ಸಿಗುತ್ತದೆಯೇ ಎನ್ನುವ ಪ್ರಶ್ನೆ ಕೊನೆಯ ಪ್ಯಾರಾಕ್ಕೆ ಹೋಯಿತು. ಅಕ್ಕಿಯ ಬೆಲೆ ಸುದ್ದಿಯಾಗಲಿಲ್ಲ, ಅಕ್ಕಿಯ ಜಗಳ ಸುದ್ದಿಯಾಯಿತು. ಇಬ್ಬರು ರಾಜಕಾರಣಿಗಳು ಎದುರುಬದುರು ನಿಂತರೆ ಮಾತ್ರ ಒಂದು ಆರ್ಥಿಕ ವಿಷಯ ಪರದೆಗೆ ಬರುತ್ತದೆ, ಬಂದಮೇಲೆ ಅದು ಆರ್ಥಿಕ ವಿಷಯವಾಗಿ ಉಳಿಯುವುದಿಲ್ಲ.

ಹಳೇಬೈಟು

ನೂರಕ್ಕೆ ನೂರು. ನಮ್ಮಲ್ಲಿ ಇದಕ್ಕೆ "ಕೌಂಟರ್ ಸಿಕ್ತಾ?" ಅಂತಿದ್ದರು. ಒಬ್ಬ ಮಂತ್ರಿ ಏನಾದರೂ ಹೇಳಿದ, ಅದಕ್ಕೆ ವಿರೋಧ ಪಕ್ಷದವರ ಕೌಂಟರ್ ಸಿಕ್ಕಿತು ಅಂದರೆ ಮಧ್ಯಾಹ್ನದವರೆಗೆ ಓಡುತ್ತೆ. ಕೌಂಟರ್ ಇಲ್ಲದ ವಿಷಯ ಹತ್ತು ಗಂಟೆಗೇ ಸಾಯುತ್ತೆ.

ತೊಗರಿಸೀಮಿ

ನೀವೆಲ್ಲಾ ಟೊಮೆಟೊ ಟೊಮೆಟೊ ಅಂತೀರಿ. ನಮ್ಮ ಕಲಬುರಗಿ ಕಡಿ ತೊಗರಿ ಕಥಿ ಕೇಳ್ರಿ ಒಂದಿಟು.

2022ರಾಗ ನೆಟೆ ರೋಗ ಬಂತು. ಹೂವು ಕಾಯಿ ಹಿಡದ ಬೆಳಿ ನಿಂತಲ್ಲೇ ಒಣಗಿ ಹೋತು, ಹೊಲಕ್ಕ ಹೊಲಾನೇ. ಬೆಂಗಳೂರು ಚಾನಲ್‌ದಾಗ ಎಷ್ಟು ಬಂತು? ನಮ್ಮ ಜಿಲ್ಲಾ ಪುಟದಾಗ ಬಂತು, ಖರೇ. ಹೋರಾಟ ಮಾಡಿದ ಮ್ಯಾಲ ಪರಿಹಾರ ಅಂತ ಒಂದಿಟು ಕೊಟ್ಟರು. ಆರು ತಿಂಗಳ ಆದಮ್ಯಾಲ ಪ್ಯಾಟ್ಯಾಗ ಬ್ಯಾಳಿ ತುಟ್ಟಿ ಆತು ನೋಡ್ರಿ, ಆವಾಗ ಎಲ್ಲಾರಿಗೂ ಎಚ್ಚರ ಆತು. 2023ರ ಜೂನ್‌ದಾಗ ದಾಸ್ತಾನು ಮಿತಿ ಹಾಕಿದ್ರು. ಸುಂಕ ಇಲ್ಲದ ಹೊರದೇಶದ ತೊಗರಿ ಬರಲಿಕ್ಕೇ ಹತ್ತಿತ್ತು, ಆ ಬಾಗಿಲಾ ಇನ್ನೂ ಅಗಲ ತೆರದ್ರು. ಆ ಸಲ ನಮಗ ಕ್ವಿಂಟಾಲಿಗೆ ಹತ್ತು ಸಾವಿರದ ಮ್ಯಾಲ ಸಿಕ್ತು, ಇದ್ದವರಿಗೆ. ಮಾರಲಿಕ್ಕೆ ಮಾಲೇ ಇರದಿದ್ದವರಿಗೆ ಏನು ಸಿಕ್ಕೀತು?

ಆ ರೇಟ್ ನೋಡಿ ಮತ್ತ ಎಲ್ಲಾರೂ ತೊಗರಿ ಬಿತ್ತಿದ್ರು. 2025ರ ಜನವರಿಗೆ ರಾಶಿ ಮಾಡಿ ಗಂಜ್ ಮಾರ್ಕೆಟಿಗೆ ಒಯ್ದರ ಬೆಂಬಲ ಬೆಲಿ 7,550 ಅದ, ಗಂಜಿನಾಗ ಅದಕ್ಕಿಂತ ಕಡಿಮಿ ಕೇಳ್ತಾರ. ರಾಜ್ಯ ಸರ್ಕಾರ 450 ರೂಪಾಯಿ ಮ್ಯಾಲ ಸೇರಿಸಿ 8,000 ಮಾಡ್ತು, ಇಲ್ಲ ಅನ್ನಂಗಿಲ್ಲ. ಆದ್ರ ಖರೀದಿ ಕೇಂದ್ರದ ಬಾಗಿಲಾ ತೆರಿಯೂತನಕ ಕಾಯಲಿಕ್ಕೆ ಸಣ್ಣ ರೈತನ ಕಡಿ ರೊಕ್ಕ ಎಲ್ಲಿ ಅದ? ಸಾಲಗಾರ ಕಣದಾಗೇ ನಿಂತಿರ್ತಾನ.

ಬ್ಯಾಳಿ ತುಟ್ಟಿ ಆತು ಅಂದ್ರ ದಿಲ್ಲಿತನಕ ಕೇಳಸ್ತದ. ತೊಗರಿ ಸೋವಿ ಆತು ಅಂದ್ರ ಕಲಬುರಗಿ ಗಂಜ್ ದಾಟಂಗಿಲ್ಲ.

ಕೆಂಪುಮಣ್ಣು

ಅಣ್ಣಾ, ಕೊನೆ ಎರಡು ಸಾಲು ಬರೆದಿಟ್ಟುಕೊಂಡೆ.

ನಮಗೂ ಹಾಗೇ ಆಯ್ತು. ಬೆಲೆ ಏರಿದಾಗ ದೆಹಲಿ ಎಷ್ಟು ಬೇಗ ಎದ್ದಿತು ನೋಡಿ. ಜುಲೈ ಮಧ್ಯಕ್ಕೆ ಎನ್‌ಸಿಸಿಎಫ್ ಅನ್ನೋ ಗ್ರಾಹಕ ಸಹಕಾರ ಸಂಸ್ಥೆ ಮೂಲಕ ವ್ಯಾನಲ್ಲಿ ಟೊಮೆಟೊ ಇಟ್ಟು ಕೆಜಿಗೆ 90ಕ್ಕೆ ಮಾರೋಕೆ ಶುರು ಮಾಡಿದರು. ಆಮೇಲೆ 80, 70, ಆಗಸ್ಟ್ 15ಕ್ಕೆ 50. ಆ ಮಾಲು ಹೋಗಿದ್ದು ಎಲ್ಲಿಂದ? ಮದನಪಲ್ಲಿ, ಕೋಲಾರದಿಂದಲೇ. ಆಗಸ್ಟ್ 10ಕ್ಕೆ ಹಣಕಾಸು ಸಚಿವರು ಲೋಕಸಭೆಯಲ್ಲಿ ನೇಪಾಳದಿಂದ ಟೊಮೆಟೊ ತರಿಸ್ತೀವಿ ಅಂದರು. ಅಷ್ಟು ಚುರುಕಾಗಿ ಸರ್ಕಾರ ಕೆಲಸ ಮಾಡೋದು ಸಾಧ್ಯ ಅಂತ ನನಗೆ ಗೊತ್ತಾಗಿದ್ದೇ ಆಗ. ಸೆಪ್ಟೆಂಬರಲ್ಲಿ 6 ರೂಪಾಯಿಗೆ ಬಂದಾಗ 12ಕ್ಕೆ ಕೊಳ್ಳೋ ವ್ಯಾನು ಬರಬಹುದು ಅಂತ ಕಾದೆ. ಈಗಲೂ ಕಾಯ್ತಿದ್ದೀನಿ.

ಮೂರನೇಮಹಡಿ

ಆ 80, 70ರ ವ್ಯಾನಿನ ಮುಂದೆ ಕ್ಯೂ ನಿಂತಿದ್ದವರು ಯಾರು ಅಂತಲೂ ಯೋಚಿಸಿ. ಎಸಿ ಕಾರಿಂದ ಇಳಿದವರಲ್ಲ. ದಿನಗೂಲಿಯವರ ತಟ್ಟೆಯ ಬೆಲೆ ಇಳಿಸಿದ್ದು ತಪ್ಪು ಅಂತೀರಾ?

ಕೆಂಪುಮಣ್ಣು

ತಪ್ಪು ಅನ್ನಲ್ಲ ಅಕ್ಕ. ಹೊಲದ ಕೂಲಿಯವರೂ ಟೊಮೆಟೊ ಕೊಂಡೇ ತಿನ್ನೋದು. ಒಂದು ಕಡೆಗೆ ಮಾತ್ರ ವ್ಯಾನು ಓಡುತ್ತೆ ಅನ್ನೋದಷ್ಟೇ ನನ್ನ ತಕರಾರು.

ಗುಲಾಬಿಗೆಡ್ಡೆ

ಚಿಕ್ಕಬಳ್ಳಾಪುರದಿಂದ. ಇದಕ್ಕಿಂತ ವಿಚಿತ್ರ ನಮ್ಮದು. ಬೆಂಗಳೂರು ಗುಲಾಬಿ ಈರುಳ್ಳಿ ಗೊತ್ತಲ್ಲ, ಸಣ್ಣದು, ಕಡುಗೆಂಪು. 2015ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಊರಿನ ಮನೆಗಳಲ್ಲೇ ಅದನ್ನ ಹೆಚ್ಚು ತಿನ್ನಲ್ಲ. ಬೆಳೆಯೋದೇ ಹಡಗಿಗೆ: ಮಲೇಷ್ಯಾ, ಸಿಂಗಪುರ, ಶ್ರೀಲಂಕಾ.

2023ರ ಆಗಸ್ಟಲ್ಲಿ ಈರುಳ್ಳಿ ಬೆಲೆ ಏರಬಹುದು ಅಂತ ರಫ್ತಿಗೆ 40% ಸುಂಕ ಹಾಕಿದರು. ನಮ್ಮ ಈರುಳ್ಳಿಗೂ ಬಿತ್ತು. ದೆಹಲಿಯ ಅಡುಗೆಮನೆಗೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಅರ್ಜಿ ಕೊಟ್ಟು ಕೊಟ್ಟು ಸೆಪ್ಟೆಂಬರ್ ಕೊನೆಗೆ ವಿನಾಯಿತಿ ಸಿಕ್ಕಿತು. ಡಿಸೆಂಬರಲ್ಲಿ ರಫ್ತೇ ನಿಷೇಧ. ಮತ್ತೆ ಅರ್ಜಿ. 2024ರ ಮೇ ಕೊನೆಗೆ ಸುಂಕದಿಂದ ಮತ್ತೆ ಬಿಡುಗಡೆ. 2019ರಲ್ಲೂ ಇದೇ ಆಗಿತ್ತು, 2020ರಲ್ಲೂ. "ಈರುಳ್ಳಿ" ಅನ್ನೋ ಪದ ಟಿವಿಯಲ್ಲಿ ಬಂದರೆ ಸಾಕು, ಯಾವ ಈರುಳ್ಳಿ ಅಂತ ಕೇಳೋ ವ್ಯವಧಾನ ಇಲ್ಲ.

1998ರಲ್ಲಿ ದೆಹಲಿಯ ಸರ್ಕಾರ ಈರುಳ್ಳಿ ಬೆಲೆಗೆ ಬಿತ್ತು ಅಂತ ಎಲ್ಲರೂ ಹೇಳ್ತಾರೆ. ಆವತ್ತಿನಿಂದ ಯಾವ ಪಕ್ಷದವರೇ ಇರಲಿ, ಈರುಳ್ಳಿ ಅಂದ್ರೆ ನಿದ್ದೆಗಣ್ಣಲ್ಲೂ ಬೆಚ್ಚಿ ಬೀಳ್ತಾರೆ. ಆ ಬೆಚ್ಚಿ ಬಿದ್ದ ಒದೆತ ನಮಗೆ ತಾಗುತ್ತೆ.

ಬಂಕ್ಪಕ್ಕ

ತರಕಾರಿ ಬಿಡಿ, ಪೆಟ್ರೋಲಿಗೆ ಬನ್ನಿ. ಎರಡು ಟೆಂಪೊ ಇಟ್ಟುಕೊಂಡು ಬದುಕ್ತಿರೋನು ನಾನು, ಈ ದಿನಾಂಕಗಳು ಬಾಯಿಪಾಠ.

2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ರೇಟ್ ಬದಲಾಗುತ್ತೆ, ಎಲ್ಲಾ ಅಂತರರಾಷ್ಟ್ರೀಯ ಮಾರುಕಟ್ಟೆ ಪ್ರಕಾರ ಅಂದರು. ಸರಿ. 2018ರ ಮೇ 12ಕ್ಕೆ ನಮ್ಮ ವಿಧಾನಸಭೆ ಚುನಾವಣೆ. ಏಪ್ರಿಲ್ 24ರಿಂದ ಮೇ 13ರವರೆಗೆ ರೇಟ್ ಒಂದು ಪೈಸೆ ಅಲ್ಲಾಡಲಿಲ್ಲ. ಮೇ 14ಕ್ಕೆ ಶುರು. ಅಂತರರಾಷ್ಟ್ರೀಯ ಮಾರುಕಟ್ಟೆಗೂ ನಮ್ಮ ಮತಗಟ್ಟೆ ಎಲ್ಲಿದೆ ಅಂತ ಗೊತ್ತಿತ್ತು. 2021ರ ನವೆಂಬರ್ ಮೊದಲ ವಾರದಿಂದ 2022ರ ಮಾರ್ಚ್ 22ರವರೆಗೆ, ನಾಲ್ಕೂವರೆ ತಿಂಗಳು, ಮತ್ತೆ ನಿದ್ದೆ. ಮಧ್ಯೆ ಉತ್ತರ ಪ್ರದೇಶ, ಪಂಜಾಬ್ ಸೇರಿ ಐದು ರಾಜ್ಯದ ಚುನಾವಣೆ. ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾತೈಲ ಮೇಲೆ ಹೋದಾಗಲೂ ನಮ್ಮ ಬಂಕಿನ ಬೋರ್ಡು ಗಪ್‌ಚುಪ್. 2024ರ ಮಾರ್ಚಲ್ಲಿ, ಲೋಕಸಭೆಗೆ ಮುಂಚೆ, ಎರಡು ರೂಪಾಯಿ ಇಳೀತು.

ರಾಷ್ಟ್ರಮೊದಲು_23

ಕೇಂದ್ರದ ಮೇಲೆ ಗೂಬೆ ಕೂರಿಸೋದು ಬಿಡಿ. ರಾಜ್ಯ ಸರ್ಕಾರ ಏನು ಮಾಡ್ತು ಅದನ್ನೂ ಬರೀರಿ. ಧೈರ್ಯ ಇಲ್ವಾ?

ಬಂಕ್ಪಕ್ಕ

ಬರೀತಿದ್ದೆ, ನೀವು ಮಧ್ಯೆ ಬಾಯಿ ಹಾಕಿದ್ರಿ. 2024ರ ಜೂನ್ 4ಕ್ಕೆ ಲೋಕಸಭೆ ಫಲಿತಾಂಶ. ಜೂನ್ 15ಕ್ಕೆ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ 25.92%ರಿಂದ 29.84% ಮಾಡಿತು. ಡೀಸೆಲ್ಲಿಗೂ ಹಾಕಿತು. ಲೀಟರಿಗೆ ಸುಮಾರು ಮೂರು ರೂಪಾಯಿ. ಫಲಿತಾಂಶ ಬಂದು ಹನ್ನೊಂದೇ ದಿನ. ಪೆಟ್ರೋಲ್ ನೂರಾದಾಗ ಬೀದಿಗಿಳಿದಿದ್ದವರು ಈ ಸಲ ಕುರ್ಚಿಯಲ್ಲಿ ಕೂತು "ಬೇರೆ ರಾಜ್ಯಕ್ಕಿಂತ ಕಡಿಮೆ ಇದೆ" ಅಂದರು. ಆಗ "ಜಾಗತಿಕ ಪರಿಸ್ಥಿತಿ" ಅಂದವರು ಈ ಸಲ ಬೀದಿಗಿಳಿದರು. ಘೋಷಣೆ ಫಲಕ ಅದಲು ಬದಲು ಮಾಡಿಕೊಂಡಿದ್ದರೆ ಪ್ರಿಂಟಿಂಗ್ ಖರ್ಚಾದರೂ ಉಳೀತಿತ್ತು.

ರಾಷ್ಟ್ರಮೊದಲು_23

ಗ್ಯಾರಂಟಿಗೆ ದುಡ್ಡು ಎಲ್ಲಿಂದ ಬರಬೇಕು ಮತ್ತೆ.

ನಿರ್ವಾಹಕ

ಪಕ್ಷದ ಹೆಸರು ಹಿಡಿದು ಬೈದಿದ್ದ ನಾಲ್ಕು ಪ್ರತಿಕ್ರಿಯೆ ತೆಗೆದಿದ್ದೇನೆ. ಗ್ಯಾರಂಟಿ ಬಗ್ಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಟೊಮೆಟೊ ಇರಲಿ.

ಹಾಲುಡೈರಿ_ಮಗಳು

ಟೊಮೆಟೊ ಸಾಕು, ಹಾಲು ಹಾಕಲಾ? ಒಂದೇ ಉದಾಹರಣೆ. 2024ರ ಜೂನಲ್ಲಿ ನಂದಿನಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ 50 ಮಿಲಿ ಜಾಸ್ತಿ ಕೊಟ್ಟರು. ಅರ್ಧ ಲೀಟರ್ 22 ಇದ್ದಿದ್ದು 550 ಮಿಲಿಗೆ 24 ಆಯ್ತು. ಲೀಟರ್ ಲೆಕ್ಕದಲ್ಲಿ 44 ಇದ್ದಿದ್ದು 43.64. ಇಳಿದಿದೆ! ಆದರೆ ಎಲ್ಲಾ ಕಡೆ "ಹಾಲಿನ ದರ ಏರಿಕೆ, ಜನರಿಗೆ ಬರೆ". (ಬೇಡದಿದ್ದರೂ 50 ಮಿಲಿ ಕೊಳ್ಳಲೇಬೇಕು ಅನ್ನೋ ತಕರಾರು ನ್ಯಾಯವೇ, ಆದರೆ ಅದು ಬೇರೆ ಸುದ್ದಿ.) ಒಂಬತ್ತು ತಿಂಗಳಾದಮೇಲೆ, 2025ರ ಏಪ್ರಿಲ್ 1ಕ್ಕೆ, ಪ್ಯಾಕೆಟ್ ಹಳೇ ಅಳತೆಗೆ ವಾಪಸ್ ಬಂತು, ಲೀಟರಿಗೆ 4 ರೂಪಾಯಿ ನಿಜವಾಗಿಯೇ ಏರಿತು. ಆಗ ಬಂದಿದ್ದೂ ಅದೇ ತಲೆಬರಹ, ಅದೇ ಗಾತ್ರ. ಒಂದು ಸಲ ತೋಳ ಬರದಿದ್ದಾಗಲೂ, ಇನ್ನೊಂದು ಸಲ ಬಂದಾಗಲೂ.

ನಮ್ಮ ಅಪ್ಪ ಡೈರಿಗೆ ಹಾಲು ಹಾಕ್ತಾರೆ. ಎರಡೂ ಸಲ ಬೆಂಗಳೂರಿನ ನೆಂಟರು ಫೋನ್ ಮಾಡಿ "ಏನಪ್ಪಾ, ನಿಮಗೆ ಈಗ ಹಬ್ಬ" ಅಂದರು. ಬೂಸಾ ಮೂಟೆ ಎಷ್ಟಾಗಿದೆ ಅಂತ ಇವತ್ತಿನವರೆಗೆ ಒಬ್ಬ ನೆಂಟರೂ ಕೇಳಿಲ್ಲ.

ಶೇಕಡಾ_ಮೇಷ್ಟ್ರು

ಬೆಲೆಯಾದರೂ ಹಲಗೆ ಮೇಲೆ ಕಾಣುತ್ತದೆ. ಹಲಗೆಯೇ ಇಲ್ಲದ ವಿಷಯಗಳ ಗತಿ ನೋಡಿ. ಉದ್ಯೋಗ.

2017-18ರ ಉದ್ಯೋಗ ಸಮೀಕ್ಷೆ ಮುಗಿದಿತ್ತು, ರಾಷ್ಟ್ರೀಯ ಸಾಂಖ್ಯಿಕ ಆಯೋಗ ಒಪ್ಪಿಗೆಯನ್ನೂ ಕೊಟ್ಟಿತ್ತು. ಹೊರಬರಲಿಲ್ಲ. 2019ರ ಜನವರಿ ಕೊನೆಗೆ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಅದಾದ ಕೆಲವೇ ದಿನಕ್ಕೆ ಒಂದು ಆರ್ಥಿಕ ದಿನಪತ್ರಿಕೆ ವರದಿಯನ್ನು ಬಯಲು ಮಾಡಿತು: ನಿರುದ್ಯೋಗ 6.1%. ಅದು ಕರಡು ಎಂದರು, ಹಳೆಯ ಸಮೀಕ್ಷೆಗೆ ಹೋಲಿಸಬಾರದು ಎಂದರು. ಎರಡೇ ವಾರಕ್ಕೆ ಪುಲ್ವಾಮಾ ಆಯಿತು, ದೇಶದ ಮಾತೇ ಬೇರೆಯಾಯಿತು. ಚುನಾವಣೆ ಮುಗಿದು, ಮೇ 30ಕ್ಕೆ ಪ್ರಮಾಣವಚನ ಆಗಿ, ಮೇ 31ಕ್ಕೆ ಅಧಿಕೃತವಾಗಿ ಬಿಡುಗಡೆ ಮಾಡಿದರು. ಅದೇ 6.1.

ಅದೇ ಕಾಲದ ಇನ್ನೊಂದು ಸಮೀಕ್ಷೆ, ಮನೆಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎನ್ನುವುದು, ಗುಣಮಟ್ಟದ ಕಾರಣ ಕೊಟ್ಟು 2019ರ ನವೆಂಬರಿನಲ್ಲಿ ಕೈಬಿಟ್ಟರು. ನಾನು ಮೇಲೆ ಟೊಮೆಟೊಗೆ 0.57, ಧಾನ್ಯಕ್ಕೆ 9.67 ಎಂದೆನಲ್ಲ? ಆ ತೂಕಗಳು 2011-12ರ ಖರ್ಚಿನ ಲೆಕ್ಕದವು. 2023ರ ಬೆಲೆಯನ್ನು ನಾವು ಹನ್ನೊಂದು ವರ್ಷ ಹಳೆಯ ತಟ್ಟೆಯಲ್ಲಿಟ್ಟು ತೂಗುತ್ತಿದ್ದೆವು. ಮೂರನೇ ಮಹಡಿಯವರ ಬಾಡಿಗೆ, ಫೀಸು ಆ ಸೂಚ್ಯಂಕದಲ್ಲಿ ಯಾಕೆ ಸಣ್ಣದಾಗಿ ಕಾಣುತ್ತಿದ್ದವು ಎನ್ನುವುದಕ್ಕೆ ಅದೂ ಒಂದು ಕಾರಣ. ಒಂದು ಸಮೀಕ್ಷೆ ನಿಂತು ಹೋದ ಸುದ್ದಿಗೆ ಎಷ್ಟು ನಿಮಿಷ ಸಿಕ್ಕಿರಬಹುದು, ಹಳೇಬೈಟು ಹೇಳಬೇಕು.

ಹಳೇಬೈಟು

ಸೊನ್ನೆ ಸರ್. "ವಿಶುವಲ್ ಏನಿದೆ?" ಅಂತ ಕೇಳ್ತಾರೆ. ಬರದೇ ಇರೋ ವರದಿಗೆ ವಿಶುವಲ್ ಎಲ್ಲಿಂದ ತರೋದು.

ಮೂರನೇಮಹಡಿ

ಆದರೆ ಎಲ್ಲಾ ಚಾನೆಲ್ ಮೇಲೆ ಹಾಕಬೇಡಿ. ಬಾಡಿಗೆ ಏರಿಕೆ ಬಗ್ಗೆ ಒಂದು ಅರ್ಧ ಗಂಟೆ ಕಾರ್ಯಕ್ರಮ ಬಂದಿದ್ದರೆ ನಾನು ನೋಡ್ತಿದ್ದೆನಾ? ಹತ್ತು ನಿಮಿಷಕ್ಕೆ ಬದಲಾಯಿಸ್ತಿದ್ದೆ. ಟೊಮೆಟೊ ಕಾಯೋಕೆ ಬೌನ್ಸರ್ ಇಟ್ಟ ವಿಡಿಯೋವನ್ನ ನಾನೇ ಮೂರು ಗುಂಪಿಗೆ ಕಳಿಸಿದ್ದೀನಿ.

ಹಳೇಬೈಟು

ಅದು ಗುರುವಾರದ ಟಿಆರ್‌ಪಿ ಹಾಳೆಯಲ್ಲೂ ಕಾಣುತ್ತೆ ಮೇಡಂ. ನಾನೊಮ್ಮೆ ಹಟ ಹಿಡಿದು ರೇಷ್ಮೆಗೂಡಿನ ಬೆಲೆ ಬಗ್ಗೆ ರಾಮನಗರದಿಂದ ಇಪ್ಪತ್ತು ನಿಮಿಷದ ಸ್ಟೋರಿ ಮಾಡಿದೆ. ಒಳ್ಳೆ ಕೆಲಸ ಅಂತ ಸಂಪಾದಕರು ಬೆನ್ನು ತಟ್ಟಿದರು. ಗುರುವಾರ ಆ ಇಪ್ಪತ್ತು ನಿಮಿಷದ ಗೆರೆ ನೆಲಕ್ಕೆ ಮಲಗಿತ್ತು. ಯಾರೂ ಬೈಯಲಿಲ್ಲ. ಮುಂದಿನ ಸಲ ಕೇಳಿದಾಗ ಕ್ಯಾಮೆರಾಮನ್ ಖಾಲಿ ಇಲ್ಲ ಅಂದರು, ಅಷ್ಟೇ. ಇದರ ಜೊತೆಗೆ ಜಾಹೀರಾತು ಕೊಡೋರಿಗೆ ಬೇಕಿರೋದು ಕೊಳ್ಳೋ ಕೈ, ಬೆಳೆಯೋ ಕೈ ಅಲ್ಲ. ಬಜೆಟ್ ದಿನ ನೋಡಿ, ಆದಾಯ ತೆರಿಗೆ ಸ್ಲ್ಯಾಬಿಗೆ ಇಡೀ ದಿನ. 2025ರಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದಾಗ ಸ್ಟುಡಿಯೋದಲ್ಲೇ ಚಪ್ಪಾಳೆ. ದೇಶದಲ್ಲಿ ರಿಟರ್ನ್ ಹಾಕೋರು 8 ಕೋಟಿಯ ಆಸುಪಾಸು, ಅದರಲ್ಲೂ ಎಷ್ಟೋ ಜನ ಕಟ್ಟೋದು ಸೊನ್ನೆ. ಆದರೆ ಆ್ಯಂಕರು, ಡೆಸ್ಕಿನವರು, ನಾನು, ಎಲ್ಲರೂ ಸ್ಲ್ಯಾಬಿನವರೇ. ನಮಗೆ ನಮ್ಮದೇ ದೊಡ್ಡ ಸುದ್ದಿ.

ತೊಗರಿಸೀಮಿ

ಹಂಗಾದ್ರ ತೊಗರಿಗೂ ಬೌನ್ಸರ್ ಇಡಬೇಕು ಅಂತೀರಿ 😄

ಎರಡೂಕಡೆ_ಬೇಡ

ನಾನು ಮೊದಲೇ ಹೇಳಿದೆ, ಮೂರೂ ಜನ ಸೇರಿಕೊಂಡೇ ಅಂತ. ಯಾರೂ ಲೈಕ್ ಕೊಡಲಿಲ್ಲ.

ಕೆಂಪುಮಣ್ಣು

ನಿಮಗೆ ಈಗ ಕೊಟ್ಟೆ.

ಎಲ್ಲರದೂ ಓದಿದೆ. ಒಂದು ಮಾತ್ರ ನನಗೆ ಹೊಸದು. ಟಿವಿಯಲ್ಲಿ ಬಂದಿದ್ದನ್ನ ಪಟ್ಟಣದವರು ಮಾತ್ರ ನೋಡಲ್ಲ, ನಾನೂ ನೋಡಿದೆ. "ಕುಬೇರ" ಅಂತ ತೋರಿಸಿದ್ದನ್ನ ನಂಬಿ ನಾರು ಹಾಕಿದ್ದು ನಾನೇ. ನನ್ನ ಬೈಟ್ ಹೋಗಿದ್ದರೆ, ರೋಗದ ವಿಷಯ ಬಂದಿದ್ದರೆ, ನಾಲ್ಕು ಜನ ಯೋಚನೆ ಮಾಡ್ತಿದ್ದರೇನೋ. ನಾನೇ ಮಾಡ್ತಿದ್ದೆನೋ ಇಲ್ವೋ, ಗೊತ್ತಿಲ್ಲ.

ಹಳೇಬೈಟು

ಅಣ್ಣಾ, ಈ ಚರ್ಚೆಯನ್ನ ಈಗಲೂ ಚಾನೆಲ್ಲಲ್ಲಿರೋ ನನ್ನ ಹಳೇ ಗೆಳೆಯನಿಗೆ ಕಳಿಸಿದ್ದೆ. ಒಳ್ಳೆ ವಿಷಯ, ಮಾಡಬಹುದು ಅಂದ. "ಈಗ ಟೊಮೆಟೊ ಎಷ್ಟಿದೆ?" ಅಂತ ಕೇಳಿದ. "ಮಾಮೂಲಿದೆ" ಅಂದೆ. "ಹಾಗಾದ್ರೆ ಏರಿದಾಗ ನೆನಪಿಸು" ಅಂದ.

ಕೆಂಪುಮಣ್ಣು

ಮಾಮೂಲು ಅಂದ್ರೆ ನಮ್ಮ ಕೈಗೆ ಎಷ್ಟು ಬರುತ್ತೆ ಅಂತ ಕೇಳಿದ್ರಾ?

ಹಳೇಬೈಟು

ಇಲ್ಲ. ನಿಜ ಹೇಳಬೇಕಂದ್ರೆ, ನನಗೂ ಗೊತ್ತಿರಲಿಲ್ಲ.

ಕೆಂಪುಮಣ್ಣು

ಇವತ್ತು ಬೆಳಿಗ್ಗೆ ಹರಾಜಿನಲ್ಲಿ ನನ್ನ ಮಾಲು 240ಕ್ಕೆ ಹೋಯ್ತು. ಖರ್ಚು ಕಳೆದು ಬಾಕ್ಸಿಗೆ ಐವತ್ತು ಉಳಿಯಬಹುದು. ಬರೆದಿಟ್ಟುಕೊಳ್ಳಿ.